ಕಲ್ಲಿನೊಳಗಿನ ದಿಕ್ಸೂಚಿ

ಪ್ರಕೃತಿಯ ಕೆಲವು ರಚನೆಗಳು ನುರಿತ ಕುಶಲಕರ್ಮಿಯ ಕೈಕೆಲಸವೇನೋ ಎಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಜೇನುಹುಟ್ಟಿನ ಆರು ಮೂಲೆಯ ಕೋಣೆಗಳು, ಜೇಡನ ಬಲೆಯ ಎಳೆಗಳು, ಶಂಖದ ಸುರುಳಿ ಇವೆಲ್ಲ ಅಂಥವು. ಇವು ಜೀವಿಗಳ ನಿರ್ಮಾಣವಾದುದರಿಂದ ಇವುಗಳ ಅಚ್ಚುಕಟ್ಟಿಗೆ ಒಂದು ಕಾರಣವನ್ನು ಊಹಿಸಿಕೊಳ್ಳಬಹುದು. ಆದರೆ ಜೀವವಿಲ್ಲದ, ಬುದ್ಧಿಯಿಲ್ಲದ ಬಂಡೆಗಲ್ಲು ಅಳತೆಗೋಲು ಹಿಡಿದು ಕಡೆದಂತೆ ಸಾವಿರಾರು ಕಂಬಗಳಾಗಿ ನಿಂತಿದ್ದರೆ ಅದನ್ನು ಏನೆನ್ನಬೇಕು? ಜಪಾನ್ ದೇಶದ ಗೆನ್‌ಬುದೋ ಎಂಬ ಸ್ಥಳದಲ್ಲಿ ಇಂಥದೊಂದು ಸೋಜಿಗವಿದೆ. ನೋಟಕ್ಕೆ ಅದು ಎಷ್ಟು ವಿಸ್ಮಯಕರವೋ, ಅದರ ಕಲ್ಲಿನೊಳಗೆ ಅಡಗಿದ್ದ ಸಂಗತಿ ಅದಕ್ಕಿಂತಲೂ ವಿಸ್ಮಯಕರವಾದುದು.

ಜಪಾನ್ ದ್ವೀಪಸಮೂಹದಲ್ಲಿ ಹೋನ್ಶು ಅತ್ಯಂತ ದೊಡ್ಡ ದ್ವೀಪ. ಅದರ ಪಶ್ಚಿಮ ಭಾಗದಲ್ಲಿರುವ ಹ್ಯೋಗೊ ಪ್ರಾಂತದ ಉತ್ತರದ ಅಂಚು ಜಪಾನ್ ಸಮುದ್ರವನ್ನು ಮುಟ್ಟುತ್ತದೆ. ಅಲ್ಲಿ ಮಾರುಯಾಮಾ ಎಂಬ ನದಿ ತೊಯೊಒಕಾ ನಗರದ ಬಯಲನ್ನು ಹಾಯ್ದು, ಮಂದಗತಿಯಿಂದ ಉತ್ತರಕ್ಕೆ ಹರಿದು ಕಡಲನ್ನು ಸೇರುತ್ತದೆ. ನದಿಯ ಇಕ್ಕೆಲಗಳಲ್ಲಿ ಭತ್ತದ ಗದ್ದೆಗಳು. ಅವುಗಳ ಹಿಂದೆ ದಟ್ಟವಾದ ಕಾಡನ್ನು ಹೊದ್ದ ತಗ್ಗು ಬೆಟ್ಟಗಳು. ಚಳಿಗಾಲದಲ್ಲಿ ಈ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಇನ್ನೂ ಸ್ವಲ್ಪ ಕೆಳಗೆ, ನದೀಮುಖದ ಕಡೆಗೆ ಹೋದರೆ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಕಿನೊಸಾಕಿ ಎಂಬ ಊರು ಸಿಗುತ್ತದೆ. ರೈಲುಮಾರ್ಗವು ನದಿಯ ಪಶ್ಚಿಮ ದಡವನ್ನು ಅನುಸರಿಸಿ ಸಾಗುತ್ತದೆ. ಗೆನ್‌ಬುದೋ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದ ಪ್ರವಾಸಿಗೆ ನದಿಯಾಚೆ, ಪೂರ್ವದ ದಡದ ಬೆಟ್ಟದ ತಪ್ಪಲಿನಲ್ಲಿ, ಆ ಸ್ಥಳವಿದೆ.

ಮರಗಳ ನೆರಳಿನ ಮೆಟ್ಟಿಲುಗಳನ್ನೇರಿ ಹೋದರೆ ಎದುರಿಗೆ ಒಮ್ಮೆಗೇ ಕಪ್ಪು ಬೂದು ಬಣ್ಣದ ಕಲ್ಲಿನ ಗೋಡೆಯೊಂದು ಕಾಣಿಸುತ್ತದೆ. ಗೋಡೆಯ ತುಂಬ ಕಂಬಗಳು. ಒಂದಕ್ಕೊಂದು ಒತ್ತಿಕೊಂಡು, ನಡುವೆ ಬೆರಳು ತೂರುವಷ್ಟೂ ಸಂದಿಲ್ಲದಂತೆ ನಿಂತಿವೆ. ಕೆಲವೆಡೆ ಅವು ನೆಟ್ಟಗೆ ಮೇಲೇರುತ್ತವೆ, ಕೆಲವೆಡೆ ಬಿಲ್ಲಿನಂತೆ ಬಾಗುತ್ತವೆ, ಇನ್ನು ಕೆಲವೆಡೆ ಒಟ್ಟಿದ ಸೌದೆಯಂತೆ ಅಡ್ಡಲಾಗಿ ಮಲಗುತ್ತವೆ. ಮಲಗಿದ ಕಂಬಗಳ ತುದಿಗಳು ನೋಡುವವನ ಕಡೆಗೆ ಮುಖಮಾಡಿರುವಲ್ಲಿ ಇಡೀ ಗೋಡೆಯೇ ಜೇನುಹುಟ್ಟಿನಂತೆ ತೋರುತ್ತದೆ. ತುದಿಗಳಲ್ಲಿ ಹೆಚ್ಚಿನವು ಷಟ್ಕೋನಾಕೃತಿಯವು. ನಡುನಡುವೆ ಐದು ಮೂಲೆಯವೂ ಏಳು ಮೂಲೆಯವೂ ಉಂಟು. ಇಲ್ಲಿ ಒಟ್ಟು ಐದು ಗುಹೆಗಳಿವೆ. ಅವುಗಳಲ್ಲೊಂದರಲ್ಲಿ ಕಂಬಗಳ ಉದ್ದ ಸುಮಾರು 15 ಮೀಟರುಗಳಷ್ಟಿದೆ.

ಗುಹೆಗಳ ಹೆಸರುಗಳೂ ಕುತೂಹಲಕರವಾಗಿವೆ. ಭಾರತದಲ್ಲಿ ಎಂಟು ದಿಕ್ಕುಗಳಿಗೆ ಎಂಟು ಮಂದಿ ದಿಕ್ಪಾಲಕರನ್ನು ಹೇಳುವಂತೆ, ಚೀನಾ ಮತ್ತು ಜಪಾನ್ ದೇಶಗಳ ಪ್ರಾಚೀನ ಕಲ್ಪನೆಯಲ್ಲಿ ನಾಲ್ಕು ದಿಕ್ಕುಗಳನ್ನು ನಾಲ್ಕು ದಿವ್ಯಪ್ರಾಣಿಗಳು ಕಾಯುತ್ತವೆ. ಪೂರ್ವಕ್ಕೆ ನೀಲಿ ಡ್ರ್ಯಾಗನ್, ಪಶ್ಚಿಮಕ್ಕೆ ಬಿಳಿಯ ಹುಲಿ, ದಕ್ಷಿಣಕ್ಕೆ ಕೆಂಪು ಪಕ್ಷಿ, ಉತ್ತರಕ್ಕೆ ಹಾವು ಸುತ್ತಿಕೊಂಡ ಕಪ್ಪು ಆಮೆ. ಈ ಆಮೆಗೆ ಜಪಾನಿ ಭಾಷೆಯಲ್ಲಿ ಗೆನ್‌ಬು ಎಂದು ಹೆಸರು. 'ದೋ' ಎಂದರೆ ಗುಹೆ. 1807ರಲ್ಲಿ ಶಿಬಾನೊ ರಿತ್ಸುಜಾನ್ ಎಂಬ ವಿದ್ವಾಂಸರು ಇಲ್ಲಿನ ಮುಖ್ಯ ಗುಹೆಗೆ ಗೆನ್‌ಬುದೋ ಎಂದು ನಾಮಕರಣ ಮಾಡಿದರು. ಷಟ್ಕೋನಗಳಿಂದ ತುಂಬಿದ ಕಪ್ಪು ಬಂಡೆ ಆಮೆಯ ಚಿಪ್ಪನ್ನು ನೆನಪಿಗೆ ತರುವುದರಿಂದ ಈ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಉಳಿದ ಗುಹೆಗಳಿಗೆ ಡ್ರ್ಯಾಗನ್, ಹುಲಿ ಮತ್ತು ಪಕ್ಷಿಗಳ ಹೆಸರುಗಳಿವೆ. ಮುಂದೆ 1884ರಲ್ಲಿ ಕೋತೋ ಬುಂಜಿರೋ ಎಂಬ ಭೂವಿಜ್ಞಾನಿ ಶಿಲೆಗಳಿಗೆ ಜಪಾನಿ ಹೆಸರುಗಳನ್ನು ಗೊತ್ತುಮಾಡುವಾಗ, ಬಸಾಲ್ಟ್ ಶಿಲೆಗೆ ಈ ಗುಹೆಯ ಹೆಸರಿನಿಂದಲೇ 'ಗೆನ್‌ಬುಗಾನ್' ಎಂಬ ಪದವನ್ನು ರೂಪಿಸಿದರು. ಹೀಗೆ ಒಂದು ಬೆಟ್ಟದ ಹೆಸರು ಒಂದು ಜಾತಿಯ ಶಿಲೆಗೇ ಹೆಸರಾಯಿತು.

ಈ ಕಂಬಗಳು ಹುಟ್ಟಿದ್ದು ಹೇಗೆ? ಸುಮಾರು 16 ಲಕ್ಷ ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿಯ ಚಟುವಟಿಕೆ ನಡೆದು, ನೆಲದಾಳದಿಂದ ಶಿಲಾರಸ ಮೇಲಕ್ಕೆ ಉಕ್ಕಿ ಹರಿಯಿತು. ಬಸಾಲ್ಟಿನ ಶಿಲಾರಸ ಹೊರಬರುವಾಗ ಅದರ ಉಷ್ಣತೆ 1100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಮೇಲ್ಭಾಗವು ಗಾಳಿಗೂ ತಳಭಾಗವು ತಣ್ಣನೆಯ ನೆಲಕ್ಕೂ ಸೋಕಿ ಮೊದಲು ಆರಿ ಗಟ್ಟಿಯಾಗುತ್ತವೆ. ಒಡಲು ಬಹುಕಾಲ ಬಿಸಿಯಾಗಿಯೇ ಉಳಿದು ನಿಧಾನವಾಗಿ ತಣಿಯುತ್ತದೆ. ಕಾದ ವಸ್ತು ತಣಿದಾಗ ಕುಗ್ಗುವುದು ನಿಸರ್ಗದ ನಿಯಮ. ಆದರೆ ಮೈಲುಗಟ್ಟಲೆ ಹರಡಿದ ಶಿಲೆಯ ಹಾಸು ಒಟ್ಟಾಗಿ ಒಂದು ಕಡೆಗೆ ಸರಿದು ಕುಗ್ಗಲಾರದು. ಆದಕಾರಣ ಅದು ಅಲ್ಲಲ್ಲಿಯೇ ಬಿರಿಯುತ್ತದೆ.

ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ಕಂಡವರಿಗೆ ಇದರ ತಿಳಿವಳಿಕೆ ಸುಲಭ. ನೀರು ಆರುತ್ತ ಬಂದಂತೆ ಕೆಸರು ಕುಗ್ಗಿ, ನೆಲವೆಲ್ಲ ಬಿರುಕು ಬಿಟ್ಟು, ಬಹುಭುಜಗಳ ಹಾಸಾಗುತ್ತದೆ. ಕೆರೆಯ ಬಿರುಕು ನೀರು ಆರುವುದರಿಂದ ಉಂಟಾದರೆ, ಶಿಲೆಯ ಬಿರುಕು ಉಷ್ಣ ಆರುವುದರಿಂದ ಉಂಟಾಗುತ್ತದೆ; ಅಷ್ಟೇ ವ್ಯತ್ಯಾಸ. ಎಲ್ಲ ಕಡೆಗೂ ಸಮನಾದ ಸೆಳೆತವಿರುವಲ್ಲಿ ಒಂದು ಬಿಂದುವಿನಿಂದ ಮೂರು ಬಿರುಕುಗಳು ಪರಸ್ಪರ 120 ಡಿಗ್ರಿಗಳ ಕೋನದಲ್ಲಿ ಹೊರಟರೆ ಸೆಳೆತವು ಅತ್ಯಂತ ಮಿತವಾದ ಬಿರುಕಿನಿಂದಲೇ ಸಡಿಲಗೊಳ್ಳುತ್ತದೆ. ಅಂಥ ಬಿರುಕುಗಳು ಒಂದನ್ನೊಂದು ಕೂಡಿಕೊಂಡಾಗ ಷಟ್ಕೋನಗಳು ಏರ್ಪಡುತ್ತವೆ. ತಣಿವು ಒಳಕ್ಕೆ ಇಳಿದಂತೆಲ್ಲ ಬಿರುಕೂ ಅದನ್ನು ಹಿಂಬಾಲಿಸಿ ಆಳಕ್ಕೆ ಇಳಿಯುತ್ತದೆ. ಮೇಲ್ಮೈಯ ಷಟ್ಕೋನ ಕಂಬವಾಗಿ ಬೆಳೆಯುತ್ತದೆ. ತಣಿಯುವ ಮೇಲ್ಮೈಗೆ ಲಂಬವಾಗಿ ಬಿರುಕು ಸಾಗುವುದರಿಂದ, ಆ ಮೇಲ್ಮೈ ಓರೆಯಾಗಿದ್ದಲ್ಲಿ ಕಂಬವೂ ಓರೆಯಾಗುತ್ತದೆ. ಗೆನ್‌ಬುದೋದ ಕಂಬಗಳು ನಾನಾ ದಿಕ್ಕಿಗೆ ಬಾಗಿರುವುದರ ಗುಟ್ಟು ಇದೇ.

ಕಂಬಗಳು ನಿಸರ್ಗದ ನಿರ್ಮಾಣವಾದರೂ ಗುಹೆಗಳು ಮನುಷ್ಯನ ಕೆಲಸ. ಕಂಬಗಳಿಗೆ ಅಡ್ಡಲಾಗಿಯೂ ಸೀಳುಗಳಿರುವುದರಿಂದ ಇಲ್ಲಿನ ಕಲ್ಲನ್ನು ಹೆಚ್ಚು ಶ್ರಮವಿಲ್ಲದೆ ತುಂಡು ತುಂಡಾಗಿ ಕಳಚಬಹುದು. ಎದುರಿಗೇ ನದಿಯಿದ್ದುದರಿಂದ ಸಾಗಣೆಯೂ ಸುಲಭವಾಗಿತ್ತು. ಸುತ್ತಲಿನ ಜನ ತಲೆತಲಾಂತರದಿಂದ ಈ ಕಲ್ಲನ್ನು ಕಿತ್ತೊಯ್ದು ಮನೆಗಳ ತಳಪಾಯಕ್ಕೂ ಕಟ್ಟೆಗಳಿಗೂ ತರಕಾರಿಯ ಉಪ್ಪಿನಕಾಯಿಯನ್ನು ಅದುಮಿಡುವ ಭಾರಕ್ಕೂ ಬಳಸಿದರು. ಕಲ್ಲು ಹೋದ ಜಾಗ ಗುಹೆಯಾಯಿತು. ಜನ ಅಗೆಯದೆ ಇದ್ದಿದ್ದರೆ ಬೆಟ್ಟದ ಒಡಲಿನ ಈ ವಿನ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಗೆಯುವುದನ್ನು ನಿಲ್ಲಿಸದೆ ಇದ್ದಿದ್ದರೆ ಇಂದು ನೋಡಲು ಏನೂ ಉಳಿಯುತ್ತಿರಲಿಲ್ಲ.

1925ರ ಮೇ 23ರಂದು ಈ ಸೀಮೆಯಲ್ಲಿ ಪ್ರಬಲವಾದ ಭೂಕಂಪವಾಯಿತು. ನಾಲ್ಕು ನೂರಕ್ಕೂ ಹೆಚ್ಚು ಮಂದಿ ಮಡಿದರು. ಕಿನೊಸಾಕಿಯ ಮರದ ಮನೆಗಳು ಉರುಳಿ, ಬೆಂಕಿ ಹೊತ್ತಿ, ಊರು ಸುಟ್ಟುಹೋಯಿತು. ಗೆನ್‌ಬುದೋದ ಗುಹೆಗಳಲ್ಲಿಯೂ ಕಂಬಗಳು ಕಳಚಿ ರಾಶಿಯಾಗಿ ಬಿದ್ದವು. ಊರನ್ನು ಮತ್ತೆ ಕಟ್ಟಲು ಹೊರಟ ಜನ ಈ ಬೆಟ್ಟದ ಕಲ್ಲುಗಳನ್ನು ತಂದು, ಊರ ನಡುವೆ ಹರಿಯುವ ಹೊಳೆಯ ಎರಡೂ ದಡಗಳಿಗೆ ಕಟ್ಟೆ ಕಟ್ಟಿದರು. ಇಂದು ಕಿನೊಸಾಕಿಯ ಹೊಳೆಯ ದಡದಲ್ಲಿ ಅಡ್ಡಾಡುವ ಪ್ರವಾಸಿ ಆ ಕಪ್ಪು ಷಟ್ಕೋನಗಳನ್ನು ಗೋಡೆಯಲ್ಲಿ ಗುರುತಿಸಬಹುದು.

ಭೂಕಂಪದ ಮರುವರ್ಷ, 1926ರಲ್ಲಿ, ಕ್ಯೋಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಗೆನ್‌ಬುದೋಗೆ ಬಂದರು. ಅವರ ಹೆಸರು ಮತುಯಾಮಾ ಮೊತೊನೊರಿ. ಬಸಾಲ್ಟಿಗೆ ಗೆನ್‌ಬುಗಾನ್ ಎಂಬ ಹೆಸರು ಬಂದ 1884ರಲ್ಲಿಯೇ ಅವರು ಜನಿಸಿದ್ದರು. ಝೆನ್ ಬೌದ್ಧ ಪಂಥದ ಪುರೋಹಿತರೊಬ್ಬರ ಮಗನಾದ ಅವರು ಭೌತವಿಜ್ಞಾನದ ಮಾರ್ಗದಿಂದ ಭೂಮಿಯ ಅಧ್ಯಯನಕ್ಕೆ ಬಂದವರು. ಕಂಬಗಳ ಚೆಲುವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಆ ಕಲ್ಲಿನಲ್ಲಿ ಅಡಗಿದ ಕಾಂತತ್ವವನ್ನು ಅಳೆಯುವುದು ಅವರ ಉದ್ದೇಶವಾಗಿತ್ತು.

ಕಲ್ಲಿಗೆ ಕಾಂತತ್ವ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುವುದು ಸಹಜ. ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸೂಕ್ಷ್ಮ ಕಣಗಳಿರುತ್ತವೆ. ಕಡುಬಿಸಿಯಲ್ಲಿ ಅವುಗಳಿಗೆ ಸ್ಥಿರವಾದ ಕಾಂತತ್ವ ಇರುವುದಿಲ್ಲ. ಉಷ್ಣತೆ ಸುಮಾರು 580 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಂತೆ ಅವು ಭೂಮಿಯ ಕಾಂತಕ್ಷೇತ್ರದ ಪ್ರಭಾವಕ್ಕೆ ಒಳಗಾಗಿ ಆ ಕ್ಷೇತ್ರದ ದಿಕ್ಕಿನಲ್ಲಿಯೇ ಕಾಂತತ್ವವನ್ನು ಪಡೆಯುತ್ತವೆ. ಕಲ್ಲು ಪೂರ್ತಿ ತಣಿದ ಮೇಲೆ ಆ ದಿಕ್ಕು ಅದರಲ್ಲಿ ಅಚ್ಚೊತ್ತಿದಂತೆ ಉಳಿದುಬಿಡುತ್ತದೆ. ಹೀಗೆ ಪ್ರತಿಯೊಂದು ಬಸಾಲ್ಟ್ ತುಂಡೂ ತಾನು ಹುಟ್ಟಿದ ಕಾಲದಲ್ಲಿ ಉತ್ತರ ಯಾವ ಕಡೆಗಿತ್ತೆಂಬುದನ್ನು ನೆನಪಿಟ್ಟುಕೊಂಡ ದಿಕ್ಸೂಚಿ.

ಮತುಯಾಮಾ ಅವರು ಬಂಡೆಯಿಂದ ಮಾದರಿಯನ್ನು ಬಿಡಿಸುವ ಮೊದಲು, ಅದು ಯಾವ ದಿಕ್ಕಿಗೆ ಮುಖಮಾಡಿತ್ತೆಂಬುದನ್ನು ಎಚ್ಚರಿಕೆಯಿಂದ ಗುರುತು ಹಾಕಿಕೊಂಡರು. ಪ್ರಯೋಗಶಾಲೆಯಲ್ಲಿ ಅದರ ಕಾಂತತ್ವದ ದಿಕ್ಕನ್ನು ಅಳೆದು ನೋಡಿದಾಗ ಅಚ್ಚರಿ ಕಾದಿತ್ತು. ಇಂದಿನ ದಿಕ್ಸೂಚಿಯ ಸೂಜಿ ಉತ್ತರವನ್ನು ತೋರಿಸುವಲ್ಲಿ ಗೆನ್‌ಬುದೋದ ಕಲ್ಲು ಹೆಚ್ಚುಕಡಮೆ ಅದಕ್ಕೆ ತೀರ ವಿರುದ್ಧವಾದ ದಿಕ್ಕನ್ನು ತೋರಿಸುತ್ತಿತ್ತು. ಉತ್ತರ ದಿಕ್ಕನ್ನು ಕಾಯುವ ಆಮೆಯ ಹೆಸರು ಹೊತ್ತ ಬಂಡೆಯಲ್ಲಿಯೇ ಉತ್ತರವು ದಕ್ಷಿಣವಾಗಿತ್ತು!

ಒಂದೇ ಕಡೆಯ ಕಲ್ಲಿನಿಂದ ತೀರ್ಮಾನಕ್ಕೆ ಬರುವುದು ವಿಜ್ಞಾನಿಗೆ ಉಚಿತವಲ್ಲ. ಮತುಯಾಮಾ ಅವರು ಜಪಾನಿನ ಬೇರೆ ಬೇರೆ ಭಾಗಗಳಿಂದಲೂ ಕೊರಿಯಾ ಮತ್ತು ಮಂಚೂರಿಯಾಗಳಿಂದಲೂ ಬಸಾಲ್ಟ್ ಮಾದರಿಗಳನ್ನು ಸಂಗ್ರಹಿಸಿ ಅಳೆದರು. ಮಾದರಿಗಳು ಎರಡು ಗುಂಪುಗಳಾಗಿ ಬೇರ್ಪಟ್ಟವು. ಒಂದು ಗುಂಪಿನ ದಿಕ್ಕು ಇಂದಿನ ಕಾಂತಕ್ಷೇತ್ರಕ್ಕೆ ಹತ್ತಿರವಾಗಿತ್ತು. ಇನ್ನೊಂದರದು ಅದಕ್ಕೆ ತಿರುಗುಮುರುಗಾಗಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಭೇದಕ್ಕೂ ಶಿಲೆಗಳ ವಯಸ್ಸಿಗೂ ಸಂಬಂಧ ಕಾಣುತ್ತಿತ್ತು. ಇವುಗಳ ಆಧಾರದ ಮೇಲೆ 1929ರಲ್ಲಿ ಅವರು ಒಂದು ಪ್ರಬಂಧವನ್ನು ಪ್ರಕಟಿಸಿ, ಭೂಮಿಯ ಕಾಂತಕ್ಷೇತ್ರವೇ ಹಿಂದೊಂದು ಕಾಲದಲ್ಲಿ ಇಂದಿಗೆ ವಿರುದ್ಧವಾಗಿದ್ದಿರಬೇಕೆಂದು ಸೂಚಿಸಿದರು. ಫ್ರಾನ್ಸಿನ ಬರ್ನಾರ್ ಬ್ರುನ್ ಎಂಬ ವಿಜ್ಞಾನಿ 1906ರಲ್ಲಿಯೇ ವಿರುದ್ಧ ಕಾಂತತ್ವದ ಶಿಲೆಯನ್ನು ಗುರುತಿಸಿದ್ದರು. ಅಂಥ ಶಿಲೆಗಳು ನಿರ್ದಿಷ್ಟವಾದೊಂದು ಕಾಲಕ್ಕೆ ಸೇರಿದವು ಎಂಬುದನ್ನು ತೋರಿಸಿಕೊಟ್ಟುದು ಮತುಯಾಮಾ ಅವರ ವೈಶಿಷ್ಟ್ಯ.

ಆದರೆ ವಿದ್ವತ್ ಪ್ರಪಂಚ ಈ ಮಾತಿಗೆ ಬೇಗ ಕಿವಿಗೊಡಲಿಲ್ಲ. ಇಡೀ ಭೂಮಂಡಲದ ಉತ್ತರ ದಕ್ಷಿಣಗಳು ಅದಲುಬದಲಾಗುತ್ತವೆಂಬುದು ಹಲವರಿಗೆ ನಂಬಲಾಗದ ಮಾತಾಗಿತ್ತು. ಈ ಸಂಶಯಕ್ಕೆ ಆಧಾರವೂ ಇತ್ತು. 1950ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿಗಳೇ ಹರುನಾ ಎಂಬ ಪರ್ವತದ ಶಿಲೆಯೊಂದನ್ನು ಪರೀಕ್ಷಿಸಿ, ಅದು ತಣಿಯುವಾಗ ಸುತ್ತಲಿನ ಕಾಂತಕ್ಷೇತ್ರಕ್ಕೆ ತಾನಾಗಿಯೇ ವಿರುದ್ಧವಾದ ಕಾಂತತ್ವವನ್ನು ಪಡೆಯುವುದೆಂದು ಕಂಡುಹಿಡಿದರು. ಹಾಗಾದರೆ ಗೆನ್‌ಬುದೋದ ಕಲ್ಲಿನಲ್ಲಿಯೂ ಹೀಗೆಯೇ ಆಗಿರಬಹುದಲ್ಲವೆ? ತಿರುಗಿದ್ದು ಭೂಮಿಯ ಕಾಂತಕ್ಷೇತ್ರವೋ, ಕೇವಲ ಕಲ್ಲಿನ ಸ್ವಭಾವವೋ? ಶಿಲೆಗಳ ವಯಸ್ಸನ್ನು ಖಚಿತವಾಗಿ ಅಳೆಯುವ ಉಪಾಯ ದೊರೆಯುವವರೆಗೆ ಈ ವಿವಾದ ಬಗೆಹರಿಯುವಂತಿರಲಿಲ್ಲ.

ಆ ಉಪಾಯ 1960ರ ದಶಕದಲ್ಲಿ ಕೈಗೂಡಿತು. ಶಿಲೆಯಲ್ಲಿರುವ ಪೊಟಾಸಿಯಮ್ಮಿನ ಒಂದು ಅಂಶ ಕಾಲಕ್ರಮದಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಈ ಮಾರ್ಪಾಡಿನ ವೇಗ ಗೊತ್ತಿರುವುದರಿಂದ, ಸಂಗ್ರಹವಾದ ಆರ್ಗಾನನ್ನು ಅಳೆದರೆ ಶಿಲೆಯ ವಯಸ್ಸು ತಿಳಿಯುತ್ತದೆ. ಅಮೆರಿಕದ ಕಾಕ್ಸ್, ಡೋಲ್ ಮತ್ತು ಡಾಲ್‌ರಿಂಪಲ್ ಎಂಬ ಮೂವರು ವಿಜ್ಞಾನಿಗಳೂ ಆಸ್ಟ್ರೇಲಿಯಾದ ಸಂಶೋಧಕರೂ ಬೇರೆ ಬೇರೆ ನಾಡುಗಳ ಶಿಲೆಗಳನ್ನು ಈ ಕ್ರಮದಿಂದ ಪರೀಕ್ಷಿಸಿದರು. ಒಂದೇ ವಯಸ್ಸಿನ ಶಿಲೆಗಳು, ಅವು ಯಾವ ಖಂಡದವೇ ಆಗಿರಲಿ, ಒಂದೇ ಬಗೆಯ ಧ್ರುವಸ್ಥಿತಿಯನ್ನು ತೋರಿಸಿದವು. ತಿರುಗಿದ್ದು ಭೂಮಿಯ ಕಾಂತಕ್ಷೇತ್ರವೇ ಎಂಬುದು ಸಿದ್ಧವಾಯಿತು. 1964ರಲ್ಲಿ ಆ ಅಮೆರಿಕನ್ ವಿಜ್ಞಾನಿಗಳು ಕಾಂತಕ್ಷೇತ್ರದ ಇತಿಹಾಸವನ್ನು ಯುಗಗಳಾಗಿ ವಿಂಗಡಿಸಿ, ಇಂದು ನಡೆಯುತ್ತಿರುವ ಯುಗಕ್ಕೆ ಬ್ರುನ್ ಅವರ ಹೆಸರನ್ನೂ ಅದರ ಹಿಂದಿನ ವಿರುದ್ಧ ಯುಗಕ್ಕೆ ಮತುಯಾಮಾ ಅವರ ಹೆಸರನ್ನೂ ಇಟ್ಟರು. ಈಗಿನ ಲೆಕ್ಕದಂತೆ ಮತುಯಾಮಾ ಯುಗವು ಸುಮಾರು 26 ಲಕ್ಷ ವರ್ಷಗಳ ಹಿಂದೆ ತೊಡಗಿ 7 ಲಕ್ಷ 70 ಸಾವಿರ ವರ್ಷಗಳ ಹಿಂದೆ ಮುಗಿಯಿತು. ಗೆನ್‌ಬುದೋದ ಶಿಲೆ ಜನಿಸಿದ್ದು ಈ ಅವಧಿಯಲ್ಲಿಯೇ. ಈ ಮನ್ನಣೆಯನ್ನು ಕಾಣಲು ಮತುಯಾಮಾ ಅವರು ಬದುಕಿರಲಿಲ್ಲ. 1958ರಲ್ಲಿ ಅವರು ತೀರಿಕೊಂಡಿದ್ದರು.

ಕಾಂತಕ್ಷೇತ್ರ ಹೀಗೆ ತಿರುಗುವುದೇಕೆ? ಭೂಮಿಯ ಆಳದಲ್ಲಿ, ಹೊರಗರ್ಭವೆಂಬ ಪದರದಲ್ಲಿ, ಕರಗಿದ ಕಬ್ಬಿಣ ಸದಾ ಚಲಿಸುತ್ತಿರುತ್ತದೆ. ಆ ಚಲನೆಯಿಂದ ವಿದ್ಯುತ್ ಪ್ರವಾಹಗಳೂ ಅವುಗಳಿಂದ ಕಾಂತಕ್ಷೇತ್ರವೂ ಹುಟ್ಟುತ್ತವೆ. ಹರಿಯುವ ದ್ರವದ ಚಲನೆ ಸದಾ ಒಂದೇ ತೆರನಾಗಿರದ ಕಾರಣ ಕಾಂತಕ್ಷೇತ್ರವೂ ಕೆಲವೊಮ್ಮೆ ಕ್ಷೀಣಿಸಿ, ವಿರುದ್ಧ ದಿಕ್ಕಿನಲ್ಲಿ ಮತ್ತೆ ಬಲಗೊಳ್ಳುತ್ತದೆ. ಇದಕ್ಕೆ ಸಾವಿರಾರು ವರ್ಷಗಳು ಹಿಡಿಯುತ್ತವೆ. ಇದಕ್ಕೆ ಗೊತ್ತಾದ ಅವಧಿಯಿಲ್ಲ. ಭೂಮಿ ಮಗುಚಿಕೊಳ್ಳುವುದಿಲ್ಲ, ಸೂರ್ಯ ಪಶ್ಚಿಮದಲ್ಲಿ ಹುಟ್ಟುವುದೂ ಇಲ್ಲ. ದಿಕ್ಸೂಚಿಯ ಸೂಜಿ ಮಾತ್ರ ತಿರುಗುತ್ತದೆ.

ಈ ಶೋಧದಿಂದ ಭೂವಿಜ್ಞಾನದಲ್ಲಿ ಹೊಸ ಬಾಗಿಲು ತೆರೆಯಿತು. ಸಾಗರತಳದ ಶಿಲೆಗಳಲ್ಲಿ ನೇರ ಮತ್ತು ವಿರುದ್ಧ ಕಾಂತತ್ವದ ಪಟ್ಟೆಗಳು ಒಂದರ ಪಕ್ಕದಲ್ಲೊಂದು ಇರುವುದನ್ನು ವಿಜ್ಞಾನಿಗಳು ಕಂಡರು. ಸಾಗರತಳವು ನಡುವೆ ಬಿರಿದು, ಹೊಸ ಶಿಲೆ ತುಂಬಿಕೊಂಡು, ಎರಡೂ ಕಡೆಗೆ ಸರಿಯುತ್ತಿದೆ ಎಂಬುದಕ್ಕೆ ಅದು ಪ್ರಬಲವಾದ ಸಾಕ್ಷಿಯಾಯಿತು. ಖಂಡಗಳು ಚಲಿಸುತ್ತವೆಂಬ ಸಿದ್ಧಾಂತ ಇದರಿಂದ ಗಟ್ಟಿಗೊಂಡಿತು.

ಕನ್ನಡ ನಾಡಿನ ಕಲ್ಲುಗಳಿಗೂ ಈ ಕಥೆಯಲ್ಲಿ ಪಾಲಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಪ್ರದೇಶಗಳಲ್ಲಿ ಹಬ್ಬಿರುವ ದಖನ್ ಪ್ರಸ್ಥಭೂಮಿಯ ಕಪ್ಪು ಶಿಲೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಶಿಲಾರಸದಿಂದಾದುದು, ಅದೂ ಬಸಾಲ್ಟೇ. 1950ರ ದಶಕದಲ್ಲಿ ದಖನ್ನಿನ ಶಿಲೆಗಳ ಕಾಂತತ್ವವನ್ನು ಅಳೆದಾಗ, ಅವು ತಣಿದ ಕಾಲದಲ್ಲಿ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದು, ಆಮೇಲೆ ಉತ್ತರಕ್ಕೆ ಸರಿದು ಬಂದುದು ತಿಳಿಯಿತು. ಕಂಬದಂಥ ಶಿಲೆಗಳನ್ನು ಕಾಣಲು ಕನ್ನಡಿಗರು ಜಪಾನಿಗೇ ಹೋಗಬೇಕಾಗಿಲ್ಲ. ಉಡುಪಿಯ ಬಳಿ, ಮಲ್ಪೆಯ ಕಡಲತೀರದಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಶಿಲಾರಸ ತಣಿದು ಮೂಡಿದ ಬಹುಭುಜಾಕೃತಿಯ ಕಂಬಗಳು ಅಲೆಗಳ ನಡುವೆ ನಿಂತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಗೆನ್‌ಬುದೋವನ್ನು ಜಪಾನ್ ಸರ್ಕಾರ 1931ರಲ್ಲಿ ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು. ಅದನ್ನು ಒಳಗೊಂಡ ಕರಾವಳಿ ಪ್ರದೇಶವನ್ನು 2015ರಲ್ಲಿ ಯುನೆಸ್ಕೋ ತನ್ನ ಜಾಗತಿಕ ಭೂ ಉದ್ಯಾನಗಳ ಸಾಲಿಗೆ ಸೇರಿಸಿತು. ಆಮೆಯ ಚಿಪ್ಪನ್ನು ಕಂಡ ವಿದ್ವಾಂಸ, ಕಟ್ಟೆಯ ಕಲ್ಲನ್ನು ಕಂಡ ಹಳ್ಳಿಗ, ದಿಕ್ಸೂಚಿಯನ್ನು ಕಂಡ ವಿಜ್ಞಾನಿ ಮೂವರೂ ನೋಡಿದ್ದು ಒಂದೇ ಬಂಡೆಯನ್ನು. ಮೂವರ ಕಾಣ್ಕೆಯೂ ನಿಜವೇ. ಆದರೆ ಹದಿನಾರು ಲಕ್ಷ ವರ್ಷಗಳಿಂದ ಅದು ಕಾಪಾಡಿಕೊಂಡು ಬಂದಿದ್ದ ಸಂಗತಿ ಹೊರಬಿದ್ದುದು ಒಬ್ಬರ ತಾಳ್ಮೆಯ ಅಳತೆಯಿಂದ. ಅದು ಎಲ್ಲರ ಒಪ್ಪಿಗೆ ಪಡೆದುದು ಮೂರು ದಶಕಗಳಿಗೂ ಮೀರಿದ ಪರೀಕ್ಷೆಯಿಂದ. ದಾರಿಯ ಬದಿಯ ಕರಿಗಲ್ಲಿನಲ್ಲಿಯೂ ಇಂಥ ಬರಹ ಇರಬಹುದು. ಅದನ್ನು ಓದುವ ವಿದ್ಯೆಯನ್ನು ಕಲಿಯುವ ಮೊದಲೇ ಕಲ್ಲನ್ನು ಒಡೆದು ಕಳೆದುಬಿಟ್ಟರೆ, ಒಮ್ಮೆ ಅಳಿದ ಆ ಬರಹವನ್ನು ಮತ್ತೆ ಬರೆಯಬಲ್ಲವರು ಯಾರೂ ಇಲ್ಲ.